ತೂಕ ಇಳಿದದ್ದಕ್ಕೆ ಚಪ್ಪಾಳೆ ತಟ್ಟಿದವರಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ಈಗ ಸಂಜೆ ಆರೂವರೆ. ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕಿ, ಮಗಳು ಜ್ಯೋತಿಲಕ್ಷ್ಮಿಯನ್ನು ನಮ್ಮೂರ ಶಾಲೆಯಲ್ಲಿ ನಡೆದ ನಿಮ್ಮ ಶಿಬಿರಕ್ಕೆ ಕರೆತಂದಿದ್ದೆ. ಅವಳಿಗೆ ಹಸಿರು ಚೀಟಿ ಸಿಕ್ಕಿತು. ಅವಳಿಗೆ ಕಾಯಿಲೆ ಇರಬಹುದೆಂದು ನನ್ನ ಭಯ. ಅವಳು ಆರೋಗ್ಯವಂತೆ ಎಂದು ನಿಮ್ಮ ಚೀಟಿ. ಅವಳು ನಂಬಿರುವುದು ಚೀಟಿಯನ್ನು. ನನ್ನ ದೂರು ಇದೇ.

ನಾನು ಏಳನೇ ತರಗತಿಯವರೆಗೆ ಓದಿದವನು. ಆದರೂ ನೀವು ಗೋಡೆಗೆ ಅಂಟಿಸಿದ ಪಟ ನೋಡಿ ಬಿಎಂಐ ಲೆಕ್ಕ ಕಲಿತಿದ್ದೇನೆ. ಕಿಲೋ ತೂಕವನ್ನು ಮೀಟರಿನ ಎತ್ತರದಿಂದ ಭಾಗಿಸಿ, ಬಂದದ್ದನ್ನು ಅದೇ ಎತ್ತರದಿಂದ ಇನ್ನೊಮ್ಮೆ ಭಾಗಿಸಬೇಕು. ಹದಿನೆಂಟೂವರೆಗಿಂತ ಕಡಿಮೆ ಬಂದರೆ ತೂಕ ಸಾಲದು. ನಮ್ಮ ದೇಶದವರಿಗೆ ಇಪ್ಪತ್ತಮೂರು ದಾಟಿದರೆ ಎಚ್ಚರ ಬೇಕು. ಲೆಕ್ಕ ಒಳ್ಳೆಯದೇ, ನನ್ನ ಜಗಳ ಅದರ ಮೇಲಲ್ಲ. ಆದರೆ ತೂಕ ಎಷ್ಟಿದೆ ಎಂದು ಹೇಳುವ ಲೆಕ್ಕ, ಅದು ಯಾಕೆ ಇಳಿಯಿತು ಎಂದೂ ಹೇಳುತ್ತದೆಯೇ? ಹೇಳುವುದಿಲ್ಲವಾದರೆ, ಅದನ್ನು ಕೇಳಬೇಕಾದವರು ಯಾರು? ತಕ್ಕಡಿಯೇ?

ನನ್ನ ಹೆಂಡತಿ ಕೆಂಚಮ್ಮನ ಲೆಕ್ಕ ಇಪ್ಪತ್ತೆಂಟಿತ್ತು. ನಿಮ್ಮವರು ಕೆಂಪು ಚೀಟಿ ಕೊಟ್ಟು ತೂಕ ಇಳಿಸಲು ಹೇಳಿದರು. ಸರಿಯಾಗಿಯೇ ಹೇಳಿದರು. ಆದರೆ ಅವಳು ಮುದ್ದೆಯನ್ನೂ ಬಿಡಲಿಲ್ಲ, ನಡಿಗೆಯನ್ನೂ ಹೆಚ್ಚಿಸಲಿಲ್ಲ. ತೂಕ ತಾನಾಗಿ ಇಳಿಯತೊಡಗಿತು. ನಮ್ಮ ಕಡೆ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಬಿಡುತ್ತೇವೆ. ಒಳಗಿನ ನೀರು ಬತ್ತಿ, ಕಾಯಿ ಹಗುರಾಗಿ, ಅಲ್ಲಾಡಿಸಿದಾಗ ಒಳಗೆ ಕೊಬ್ಬರಿ ಸದ್ದು ಮಾಡಿದರೆ ಮನೆಗೆಲ್ಲ ಸಂತೋಷ. ಹಗುರಾಗುವುದೆಂದರೆ ಹದವಾಗುವುದು ಎಂದೇ ನಾವು ಕಂಡು ಬೆಳೆದವರು.

"ಅಟ್ಟದ ಕಾಯಿ ಆಗ್ಬುಟ್ಟೆ ಕಣ್ರೀ, ಇನ್ನ ನಂಗೂ ಕೊಬ್ಬರಿ ರೇಟೇ," ಎಂದು ಅವಳು ನಗುತ್ತಿದ್ದಳು.

ಪಕ್ಕದ ಮನೆಯ ಲಕ್ಷ್ಮಕ್ಕ, "ಅದೇನ್ ಮಂತ್ರ ಹಾಕ್ಸ್ಕಂಡ್ಯೇ? ನನ್ ಸೊಂಟಕ್ಕೂ ಒಸಿ ಹಾಕ್ಸೇ," ಎನ್ನುತ್ತಿದ್ದಳು.

ಮುಂದಿನ ಶಿಬಿರದಲ್ಲಿ ಲೆಕ್ಕ ಇಪ್ಪತ್ತೆರಡಕ್ಕೆ ಬಂತು. ನೀವೇ ಅವಳನ್ನು ಎಲ್ಲರೆದುರು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದಿರಿ. ಹೊಟ್ಟೆಯೊಳಗಿನ ಗಡ್ಡೆ ದೊಡ್ಡಾಸ್ಪತ್ರೆಯಲ್ಲಿ ಗೊತ್ತಾಗುವ ಹೊತ್ತಿಗೆ ಅವಳ ಕಾಲ ಮುಗಿದಿತ್ತು. ನಾವು ಕಾಯಿ ಕಂಡವರು, ನಕ್ಕೆವು. ನೀವು ವೈದ್ಯಶಾಸ್ತ್ರ ಓದಿದವರು. ನಿಮಗೂ ಹಾಗೆಯೇ ಕಂಡಿತೇ?

ಈಗ ಮಗಳು. ಎರಡು ಹೊತ್ತಿನ ಮುದ್ದೆ ಹಾಗೇ ಇದೆ, ರವಿಕೆಗಳು ಮಾತ್ರ ಸಡಿಲವಾಗಿವೆ. ಪದೇ ಪದೇ ಬಾಯಾರಿಕೆ. ಚೊಂಬು ತುಂಬ ನೀರು ಕುಡಿದು ಮತ್ತೆ ಮತ್ತೆ ಮೂತ್ರಕ್ಕೆಂದು ಹಿತ್ತಲಿಗೆ ಏಳುತ್ತಾಳೆ. ಇದನ್ನೆಲ್ಲ ನಾನು ಇವತ್ತು ನಿಮ್ಮ ಮೇಜಿನ ಮುಂದೆ ನಿಂತು ಹೇಳಿದೆ, ರಕ್ತ ಪರೀಕ್ಷೆ ಮಾಡಿ ಎಂದೆ.

ನಿಮ್ಮ ಸಿಬ್ಬಂದಿ, "ಯಜಮಾನ್ರೇ, ಕೆಂಪು ಬಂದೋರ್ಗೆ ಮಾತ್ರ ಟೆಸ್ಟು. ನಿಮ್ ಮಗಳು ಹಸಿರು. ಖುಷಿ ಪಡಿ," ಎಂದರು.

ಅಪ್ಪಣೆಯಂತೆ ಖುಷಿ ಪಡಲು ನೋಡಿದೆ. ಆಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ, ತಿಪಟೂರಿನ ಆಸ್ಪತ್ರೆಗಾದರೂ ಹೋಗೋಣ ಬಾ ಎಂದೆ.

"ಹಸಿರು ಬಂದೈತಲ್ಲಪ್ಪ, ಬುಡು. ಅವ್ವ ಹೋದಾಗಿಂದ ನಿಂಗೆ ತೆಳ್ಳಗಿರೋರೆಲ್ಲ ಕಾಯಿಲೆಯೋರೇ."

ಊರವರೂ ಅದನ್ನೇ ಹೇಳುತ್ತಾರೆ. ನಾನು ಬಾಯಿ ಬಿಟ್ಟರೆ ಅದು ದುಃಖದ ಮಾತು, ಬಿಡದಿದ್ದರೆ ಅವಳು ದಿನ ದಿನಕ್ಕೂ ಇಳಿಯುತ್ತಾಳೆ. ದೊಡ್ಡವಳು; ಕೈ ಹಿಡಿದು ಎಳೆದೊಯ್ಯಲಾರೆ. ಯಾವ ಬಾಗಿಲು ತಳ್ಳಿದರೂ ನಿಮ್ಮ ಹಸಿರು ಚೀಟಿ ಅಡ್ಡ ನಿಲ್ಲುತ್ತದೆ. ರೋಗ ತಡೆಯಲು ಮಾಡಿದ ಚೀಟಿ ಆಸ್ಪತ್ರೆಯ ಬಾಗಿಲು ಮುಚ್ಚುವುದಾದರೆ, ಅದನ್ನು ಅಚ್ಚು ಹಾಕಿಸುವುದಾದರೂ ಯಾಕೆ ಸ್ವಾಮಿ?

ನಾನು ಕೇಳುವುದು ಹೆಚ್ಚಲ್ಲ. ತೂಕ ನೋಡಿದ ಮೇಲೆ ಟೇಪು ಹಿಡಿದು ಹೊಟ್ಟೆಯ ಸುತ್ತಳತೆಯನ್ನೂ ನೋಡಿ; ತಕ್ಕಡಿಗೆ ಕಾಣದ ಬೊಜ್ಜು ಟೇಪಿಗೆ ಕಾಣುತ್ತದೆ. ತೂಕ ಇಳಿದವರನ್ನು, "ನೀವಾಗಿ ಇಳಿಸಿದಿರೋ, ತಾನಾಗಿ ಇಳಿಯಿತೋ?" ಎಂದು ಕೇಳಿ. ತಾನಾಗಿ ಇಳಿದಿದ್ದರೆ ಬಣ್ಣ ಯಾವುದೇ ಇರಲಿ, ಪರೀಕ್ಷೆಗೆ ಕಳಿಸಿ. ನನ್ನ ಮಗಳ ಹಸಿರು ಚೀಟಿಯನ್ನು ಮಾತ್ರ ನೀವೇ ಬಂದು ವಾಪಸು ತೆಗೆದುಕೊಳ್ಳಿ. ನನ್ನ ಮಾತು ಅವಳಿಗೆ ನಾಟುವುದಿಲ್ಲ; ನಿಮ್ಮ ಮಾತು ನಾಟುತ್ತದೆ.

ಇಂತಿ,
ತೋಟದಲ್ಲಿದ್ದೂ ಹಸಿರಿಗೆ ಹೆದರುವ
ಬೀರಲಿಂಗಯ್ಯ, ದಬ್ಬೇಘಟ್ಟದ ಕಡೆಯವನು

ಮರೆತಿದ್ದೆ: ನಾಳೆ ಭಾನುವಾರ. ಆಸ್ಪತ್ರೆಯ ರಕ್ತ ಪರೀಕ್ಷೆಯ ಕೋಣೆಗೆ ಬೀಗ. ಸೋಮವಾರ ಆ ಬೀಗ ತೆಗೆಯುವ ಮೊದಲೇ ಚೀಟಿ ತೆಗೆದುಕೊಳ್ಳಲು ಬನ್ನಿ.