ಬೀರುವಿಗೊತ್ತಿದ ಗಿಟಾರು

ರಾಂಕೊ,

ಇವತ್ತು ನೋವಿಸಾದ್‌ನ ಹಳೆ ವಾದ್ಯಗಳ ಅಂಗಡಿಯಲ್ಲಿ ಬೇಸ್ ಗಿಟಾರು ಕೊಂಡೆ. "ಆ ಬೆರಳಿಗೆ ಸೌಟೇ ಸಾಕು" ಎಂದು ನಿನ್ನ ಬ್ಯಾಂಡಿನವರೆದುರು ನಕ್ಕಿದ್ದೆಯಲ್ಲ, ನನ್ನ ಅದೇ ಬೆರಳಿಗೆ.

"ಈ ದುಡ್ಡಿಗೆ ಗಿಟಾರೂ ಬೇಕು, ಆಂಪ್ಲಿಫೈಯರೂ ಬೇಕು ಅಂದ್ರೆ ಎರಡೂ ಡಬ್ಬಾನೇ ಬರೋದು ಕಣಮ್ಮ," ಎಂದು ಅಂಗಡಿಯ ಮುದುಕ ಗದರಿದ. "ಗಿಟಾರ್ ಒಳ್ಳೇದು ತಗೋ. ಅದರ ತಲೇನ ಮರದ ಬೀರೂಗೆ ಒತ್ಕೊಂಡು ಬಾರ್ಸು. ಸದ್ದು ಅದೇ ದೊಡ್ಡದು ಮಾಡತ್ತೆ."

ಮನೆ ಬಿಡುವಾಗ ನೀನು ಬಟ್ಟೆಬರೆ ಬಾಚಿಕೊಂಡು ಖಾಲಿ ಮಾಡಿದ ಬೀರುವಿಗೇ ಒತ್ತಿದೆ. ಖಾಲಿಯಿದ್ದದ್ದಕ್ಕೇ ಇರಬೇಕು, ಮನೆಯೆಲ್ಲ ಗುಂಯ್ ಎಂದಿತು. ಮರೆತುಹೋದ ನಿನ್ನ ದರಿದ್ರ ಕೋಟೊಂದು ಒಳಗೆ ನೇತಾಡುತ್ತ ದನಿಯನ್ನು ನುಂಗುತ್ತಿತ್ತು. ಕಿತ್ತು ಹೊರಗೆಳೆದೆ.

ಅದೀಗ ನನ್ನ ಮೈಮೇಲಿದೆ. ಚಳಿ, ಅದಕ್ಕೆ. ಕೇಳಿಕೊಂಡು ಬರಬೇಡ.

ಸೆಂಕಾ