ಕಾರಿನ ಮೇಲೆ ಆಕ್ಷೇಪಣೆ

ಆಲೂರು, ಕರ್ನೂಲು ಜಿಲ್ಲೆ
ಭಾನುವಾರ, 9 ಫೆಬ್ರವರಿ 2025

ನನ್ನ ಮುದ್ದು ಸುಷ್ಮಾಗೆ ಅವ್ವನ ವಂದನೆ, ಎರಡು ಕೆನ್ನೆಗೂ ಮುತ್ತು.

ಹೈದರಾಬಾದಿನಲ್ಲಿ ಹೇಗಿದ್ದೀಯ ತಾಯಿ? ನೈಟ್ ಡ್ಯೂಟಿ ಮುಗಿಯಿತೋ, ಇನ್ನೂ ಹಾಕುತ್ತಿದ್ದಾರೋ? ಹಗಲು ಮಲಗುವಾಗ ಕಿಟಕಿಗೆ ಹಳೆ ಸೀರೆ ಕಟ್ಟಿಕೊಂಡು ಮಲಗು, ಬೆಳಕಿದ್ದರೆ ನಿನಗೆ ನಿದ್ದೆ ಹತ್ತುವುದಿಲ್ಲ ಅಂತ ನನಗೆ ಗೊತ್ತಿಲ್ಲವೇ. ವಾರ್ಡಿನಲ್ಲಿ ನಿಂತು ನಿಂತು ಮೀನಖಂಡ ನೋಯುತ್ತದೆ ಎಂದಿದ್ದಿ, ಬಿಸಿನೀರಲ್ಲಿ ಉಪ್ಪು ಹಾಕಿ ಕಾಲಿಡು. ಊರಿನವರಿಗೆಲ್ಲ ಹೇಳುವ ನರ್ಸಮ್ಮ ನೀನು, ನಿನಗೆ ಹೇಳುವವಳು ನಾನೊಬ್ಬಳೇ. ಶೇಂಗಾ ಚಟ್ನಿಪುಡಿ ಮುಗಿದಿದ್ದರೆ ನಾಚಿಕೊಳ್ಳದೆ ಹೇಳು, ಕುಟ್ಟಿ ಕಳಿಸುತ್ತೇನೆ. ನಾನು ಗಟ್ಟಿಯಾಗಿದ್ದೇನೆ. ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುವ ಕೆಲಸ ಹಾಗೇ ನಡೆದಿದೆ. ಹೆಡ್‌ಮೇಡಂ ಪದ್ಮಜಾ ಅವರು ಈಗಲೂ ದಿನಾ ನನ್ನ ಸಾಂಬಾರಿಗೆ ಉಪ್ಪು ಕಡಿಮೆ ಅನ್ನುತ್ತಾರೆ, ಈಗಲೂ ದಿನಾ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ. ನಿನ್ನ ಅಕ್ಕ ನಾಗಜ್ಯೋತಿ ಪತ್ತಿಕೊಂಡದಲ್ಲಿ ಮಕ್ಕಳ ಜೊತೆ ಸುಖವಾಗಿದ್ದಾಳೆ.

ಕೈಯಲ್ಲಿ ಫೋನು ಇಟ್ಟುಕೊಂಡು ಕಾಗದ ಬರೆಯುತ್ತಾಳಲ್ಲ, ಅವ್ವನಿಗೆ ತಲೆ ಕೆಟ್ಟಿತೇ ಅನ್ನಬೇಡ. ನಮ್ಮದು ಒಂದೇ ಕೋಣೆಯ ಮನೆ. ನಿನ್ನ ಫೋನು ಬಂತೆಂದರೆ ನಿಮ್ಮಪ್ಪ ಪಕ್ಕದಲ್ಲಿ ಬಂದು ಕೂತು ಸ್ಪೀಕರ್ ಹಾಕು ಅನ್ನುತ್ತಾನೆ. ಅವನ ಮುಂದೆ ಆಡಲಾರದ ಮಾತುಗಳಿವೆ. ತೆಲುಗಿನಲ್ಲಿ ಬರೆಯೋಣವೆಂದರೆ, ನನ್ನ ಸಿಟ್ಟು ಕನ್ನಡದಲ್ಲಿ ಬಂದಷ್ಟು ಚೆನ್ನಾಗಿ ತೆಲುಗಿನಲ್ಲಿ ಬರುವುದಿಲ್ಲ. ನೀನೂ ಹತ್ತನೆಯವರೆಗೆ ಇಲ್ಲೇ ಕನ್ನಡದಲ್ಲಿ ಓದಿದವಳು. ಸಮಾಧಾನವಾಗಿ ಕೂತು ಓದು.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ಕೇಳಿ ಹೌಹಾರಬಾರದು. ಇವತ್ತು ಬೆಳಿಗ್ಗೆ ಚರ್ಚಿನಲ್ಲಿ ನಿನ್ನ ಮತ್ತು ಸುಂಕೇಶನ ಮದುವೆಯ ಎರಡನೇ ಪ್ರಕಟಣೆ ಓದಿದರು. ಮೂರು ಭಾನುವಾರ ಹೆಸರು ಓದುವುದು, ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದ್ದರೆ ಈಗಲೇ ಹೇಳಿ ಎಂದು ಪಾಸ್ಟರ್ ಅಯ್ಯಗಾರು ಕೇಳುವುದು, ಯಾರೂ ತುಟಿ ಬಿಚ್ಚದಿರುವುದು, ಮುಂದಿನ ಹಾಡಿಗೆ ಪುಸ್ತಕ ತೆಗೆಯುವುದು, ನಮ್ಮ ಸಭೆಯಲ್ಲಿ ನಾನು ಹುಟ್ಟಿದಾಗಿನಿಂದ ನಡೆದದ್ದು ಇಷ್ಟೇ. ಇವತ್ತು ಮಾತ್ರ ಒಬ್ಬರು ಎದ್ದು ನಿಂತರು. ಅದು ನಾನೇ.

ತಡಿ, ಕಾಗದ ಹರಿಯಬೇಡ. ನಿನ್ನ ಒಳ್ಳೆಯದನ್ನು ಬಿಟ್ಟು ಬೇರೆ ಏನನ್ನೂ ಬೇಡದ ಬಾಯಿ ಇದು. ಯಾಕೆ ಎದ್ದೆ ಎಂದು ಹೇಳಬೇಕಾದರೆ ಕ್ರಿಸ್ಮಸ್ ಆದ ಮೇಲಿನ ನಿಶ್ಚಿತಾರ್ಥಕ್ಕೆ ಹೋಗಬೇಕು. ಅವತ್ತು ನೀನು ಊಟ ಮುಗಿಸಿ ಬಸ್ಸಿಗೆ ಹೊರಟುಬಿಟ್ಟೆ. ಆಮೇಲೆ ಸುಂಕೇಶನ ತಾಯಿ ಉಮಾಮಹೇಶ್ವರಿ, ಆದೋನಿಯಲ್ಲಿ ಅವರು ಹೋಗುವ ಹೊಸ ಪ್ರಾರ್ಥನಾ ಮಂದಿರದ ಬ್ರದರನ್ನು ಮುಂದಿಟ್ಟುಕೊಂಡು ಮಾತು ತೆಗೆದಳು. ವರದಕ್ಷಿಣೆಯ ಹೆಸರೇ ಎತ್ತಲಿಲ್ಲ, ಪುಣ್ಯಾತ್ಮರು! "ನಾವು ಏನೂ ಕೇಳಂಗಿಲ್ಲ ಅಕ್ಕಾ. ದೇವರು ಕೊಡ್ತಾನ. ನಿಮ್ಮ ಕೈಲಿಂದ ಕೊಡಿಸ್ತಾನ, ಅಷ್ಟ." ದೇವರು ನಮ್ಮ ಕೈಯಿಂದ ಕೊಡಿಸಬೇಕೆಂದಿರುವುದು ಕಾರು ಎಂದು ಬ್ರದರ್ ಬಿಡಿಸಿ ಹೇಳಿದ. ಅವರ ಮಂದಿರದಲ್ಲಿ ಮದುವೆಯಾದವರು ಹೊಸ ಗಾಡಿ ತಂದು ಬಾಗಿಲ ಮುಂದೆ ನಿಲ್ಲಿಸಿ ಆಶೀರ್ವಾದದ ಎಣ್ಣೆ ಹಚ್ಚಿಸಿಕೊಳ್ಳುವ ಪದ್ಧತಿಯಂತೆ. ರಾಜಾಧಿರಾಜನಾದ ದೇವರ ಮಗಳು ಅತ್ತೆಮನೆಗೆ ಆಟೋದಲ್ಲಿ ಬಂದರೆ ಆ ರಾಜನಿಗೇ ಅವಮಾನವಂತೆ.

ನಿಮ್ಮಪ್ಪ ಕೈಮುಗಿದು, ನಮಗೆ ಅಷ್ಟು ಶಕ್ತಿ ಇಲ್ಲ ಸ್ವಾಮಿ ಅಂದ. ಅಲ್ಲಿಗೆ ಮುಗಿಯಬೇಕಿತ್ತು. ಬ್ರದರ್ ನಮ್ಮ ತಗಡಿನ ಸೂರನ್ನು ಕತ್ತೆತ್ತಿ ನೋಡಿ, "ಅಂಜಿನಪ್ಪಾ, ನೀನು ಗೌಂಡಿ. ಊರ ಮಂದಿಗೆಲ್ಲ ಸ್ಲ್ಯಾಬ್ ಹಾಕ್ದಿ. ನಿನ್ನ ತಲಿ ಮ್ಯಾಲ ತಗಡ ಉಳಿದೈತಿ. ಯಾವುದೋ ಪಾಪ ಅಡ್ಡ ಐತಿ. ಹುಡುಕಿ ತೆಗಿ" ಅಂದುಬಿಟ್ಟ. ನನ್ನ ಮೈ ಉರಿದುಹೋಯಿತು. ನಮ್ಮ ಸ್ಲ್ಯಾಬಿಗೆ ಅಡ್ಡ ಬಂದದ್ದು ಪಾಪವಲ್ಲ, ನಿನ್ನ ನರ್ಸಿಂಗ್ ಕಾಲೇಜಿನ ಫೀಜು. ನಾನೂ ನಿಮ್ಮಪ್ಪನೂ ಕೂತು ಮಾತಾಡಿಕೊಂಡು, ಸೂರು ಕಾಯಲಿ, ಮಗಳು ಕಾಯಬಾರದು ಎಂದು ನಕ್ಕೊಂಡು ಕಟ್ಟಿದ್ದು. ಅದನ್ನು ಅಲ್ಲೇ ಹೇಳಲು ಬಾಯಿ ತೆರೆದೆ, ನಿಮ್ಮಪ್ಪ ಕಣ್ಣಲ್ಲೇ ಸುಮ್ಮನಿರು ಅಂದ. ಬೀಗರ ಮುಂದೆ ಜಗಳ ಬೇಡವೆಂದು ನುಂಗಿಕೊಂಡೆ.

ನಾನು ನುಂಗಿಕೊಂಡದ್ದು ಅರಗಿತು, ಅವನಿಗೆ ಅರಗಲಿಲ್ಲ. ನಿಮ್ಮಪ್ಪ ಎಂಥವನೆಂದು ನಿನಗೆ ಗೊತ್ತಲ್ಲ. ಇರುವೆ ಸಾಲು ಕಂಡರೆ ದಾಟಿ ಕಾಲಿಡುವವನು. ಅಂಥವನು ತನ್ನ ಪಾಪ ಹುಡುಕಲು ಕೂತ! ಉಪವಾಸ ಹಿಡಿದ. ಶುಗರ್ ಇರುವವನು ಗುಳಿಗೆ ನುಂಗಿ ನೀರು ಕುಡಿದು ಕೆಲಸಕ್ಕೆ ಹೋಗತೊಡಗಿದ. ಸಂಜೆಯಾದರೆ ಊರ ಮೇಲೆ ಕ್ಷಮೆ ಕೇಳಲು ಹೊರಡುತ್ತಿದ್ದ. ಮೊದಲು ತಮ್ಮ ನರಸಣ್ಣನ ಮನೆಗೆ ಹೋಗಿ, ಚಿಕ್ಕಂದಿನಲ್ಲಿ ನಿನ್ನ ಗಾಳಿಪಟ ನಾನೇ ಹರಿದದ್ದು ಅಂದ. ನರಸಣ್ಣನಿಗೆ ಗಾಳಿಪಟವೇ ನೆನಪಿಲ್ಲ. ಆಮೇಲೆ ಟೀ ಅಂಗಡಿ ಬಸವಕ್ಕನ ಹತ್ತಿರ ಹೋಗಿ, ನಿನ್ನ ಹಿತ್ತಲ ಗೋಡೆ ಸ್ವಲ್ಪ ಓರೆ ಕಟ್ಟಿದ್ದೆ, ಗೊತ್ತಿದ್ದೂ ಹೇಳಲಿಲ್ಲ ಅಂತ ತಲೆ ತಗ್ಗಿಸಿದ. ಆಕೆ, "ಅಯ್ಯ ನಿನ್ನ! ಆ ಗೋಡಿ ಹ್ವಾದ ವರ್ಷಾನ ಕೆಡವೀನೋ ಅಣ್ಣಾ. ಏನಾಗೇತಿ ನಿನಗ?" ಎಂದು ಗಾಬರಿಯಾಗಿ ನನಗೆ ಹೇಳಿಕಳಿಸಿದಳು. ಕುರಿ ಮಾರಣ್ಣನಂತೂ ದೊಡ್ಡ ರೋಗವೇ ಬಂದಿರಬೇಕು, ಅದಕ್ಕೇ ಎಲ್ಲರ ಹತ್ತಿರ ಕೊನೆಯ ಮಾತು ಆಡಿಕೊಳ್ಳುತ್ತಿದ್ದಾನೆ ಎಂದು ಊರೆಲ್ಲ ಹಬ್ಬಿಸಿದ. ಮಂದಿ ನೋಡಲು ಬರತೊಡಗಿದರು, ಒಬ್ಬೊಬ್ಬರ ಕೈಯಲ್ಲೂ ಬಾಳೆಹಣ್ಣು. ಉಪವಾಸ ಇದ್ದವನ ಮನೆ ತುಂಬ ಬಾಳೆಹಣ್ಣು! ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಆ ದಿನಗಳಲ್ಲೇ ನೀನು ಫೋನಿನಲ್ಲಿ ಆ ಮಾತು ಆಡಿದ್ದು. "ಅವ್ವಾ, ಅಪ್ಪ ಒಂದ್ಸಲ ತನ್ನ ಪರೀಕ್ಷೆ ಮಾಡಿಕೊಂಡ್ರ ತಪ್ಪೇನೈತಿ? ನಮ್ಮ ವಿಶ್ವಾಸ ಕಮ್ಮಿ ಐತಿ, ಅದಕ್ಕ ಹಿಂಗದೀವಿ." ಸ್ಪೀಕರ್ ಹಾಕಿತ್ತು ಸುಷ್ಮಾ. ಅವನು ಅಲ್ಲೇ ಕೂತಿದ್ದ. ಹೌದೆಂದು ತಲೆಯಾಡಿಸಿದ. ಬ್ರದರ್ ಹೇಳಿದ್ದಕ್ಕೆ ಅವನಿಗೆ ಅರ್ಧ ಅನುಮಾನವಿತ್ತು, ಮಗಳು ಹೇಳಿದ ಮೇಲೆ ಪೂರ್ತಿ ನಂಬಿದ. ಮೊನ್ನೆ ಮಂಗಳವಾರ ಕೆಲಸದ ಜಾಗದಲ್ಲಿ ಕಣ್ಣು ಕತ್ತಲೆಯಾಗಿ ಬಿದ್ದ. ಇದನ್ನು ನಿನಗೆ ಹೇಳಬೇಡವೆಂದು ನನ್ನಿಂದ ಆಣೆ ಹಾಕಿಸಿಕೊಳ್ಳಲು ಬಂದ, ನಾನು ಹಾಕಲಿಲ್ಲ. ಗೋಡೆಗೆ ಕಟ್ಟಿದ ಸಾರುವೆ ಹತ್ತುವ ಮೊದಲೇ ಬಿದ್ದ, ಮೇಲಿಂದ ಬೀಳಲಿಲ್ಲ. ನನ್ನ ಮಟ್ಟಿಗೆ ಈ ವರ್ಷ ದೇವರು ಕೊಟ್ಟ ಐಶ್ವರ್ಯ ಅದೇ.

ಸತ್ಯ ಹೇಳಬೇಕು, ಆಸ್ಪತ್ರೆಗೆ ಓಡಿಬಂದದ್ದು ಸುಂಕೇಶ. ಆದೋನಿಯಿಂದ ಗಾಡಿ ಮೇಲೆ ಬಂದು, ಡ್ರಿಪ್ ಮುಗಿಯುವ ತನಕ ನಿಮ್ಮಪ್ಪನ ಕೈ ಹಿಡಿದುಕೊಂಡೇ ಕೂತಿದ್ದ. ಹುಡುಗ ಕೆಟ್ಟವನಲ್ಲ. ಆದರೆ ಕಣ್ಣು ಮುಚ್ಚಿ ಅವನು ಮಾಡಿದ ಪ್ರಾರ್ಥನೆ ಕೇಳು. "ಪ್ರಭುವಾ, ಮಾವನೊಳಗ ಇನ್ನೂ ಯಾವ ಪಾಪ ಅಡಗೇತಿ, ತೋರಿಸು." ಬೇಕೆಂತಲೇ ಅಂದದ್ದಲ್ಲ, ಅವನಿಗೆ ಕಲಿಸಿದ್ದೇ ಅಷ್ಟು. ಸೂಜಿ ಚುಚ್ಚಿಸಿಕೊಂಡು ಮಲಗಿದ್ದವನು ಅದಕ್ಕೂ ಆಮೆನ್ ಅಂದ. ಆಗಲೇ ನಾನು ತೀರ್ಮಾನ ಮಾಡಿದ್ದು.

ಹಾಗಾಗಿ ಇವತ್ತು ಎದ್ದೆ. ಅಯ್ಯಗಾರು ಪ್ರಶ್ನೆ ಕೇಳಿ ಪುಸ್ತಕದ ಹಾಳೆ ಮಗುಚುತ್ತಿದ್ದರು. "ನಂದು ಆಕ್ಷೇಪಣೆ ಐತಿರಿ" ಅಂದೆ. ಪಕ್ಕದಲ್ಲಿದ್ದ ಸುಜಾತಾ ನನ್ನ ಸೆರಗು ಹಿಡಿದು ಎಳೆದಳು, ಪಿನ್ನು ಕಿತ್ತುಬಂತು. ಅಯ್ಯಗಾರು ಕನ್ನಡಕ ತೆಗೆದು, "ಉರುಕುಂದಮ್ಮಾ, ಹೆಣ್ಣಿನ ತಾಯಿ ನೀವ ಅಲ್ಲೇನು? ಹುಡುಗನ ಮ್ಯಾಲ ಏನರ ಐತೇನು?" ಅಂದರು. "ಹುಡುಗನ ಮ್ಯಾಲ ಇಲ್ಲರಿ, ಕಾರಿನ ಮ್ಯಾಲ ಐತಿ" ಅಂದೆ. ಹಿಂದಿನ ಸಾಲಿನವರು ಕಿಸಕ್ಕೆಂದರು. ಕಾರಿನ ಮೇಲಿನ ಆಕ್ಷೇಪಣೆ ಬರೆದುಕೊಳ್ಳಲು ಈ ಪುಸ್ತಕದಲ್ಲಿ ಜಾಗವಿಲ್ಲ ಎಂದು ಅಯ್ಯಗಾರೂ ನಕ್ಕರು. ನಾನು ನಗಲಿಲ್ಲ. ಎರವಲು ತಂದ ಕತ್ತೆಯ ಮೇಲೆ ಕೂತು ಊರೊಳಗೆ ಬಂದವನು ನಮ್ಮ ಪ್ರಭು, ಅವನ ಹೆಸರಿನಲ್ಲಿ ನನ್ನ ಗಂಡನಿಂದ ಕಾರು ಕೇಳುತ್ತಿದ್ದಾರೆ, ಕೊಡಲಾರದ್ದಕ್ಕೆ ಪಾಪಿ ಅನ್ನುತ್ತಿದ್ದಾರೆ, ಇದು ಸಭೆಗೆ ಒಪ್ಪಿಗೆಯಾ ಹೇಳಿ ಅಂದೆ. ನಿಮ್ಮಪ್ಪ ಗಂಡಸರ ಕಡೆ ತಲೆ ಬಗ್ಗಿಸಿಕೊಂಡು ಕೂತಿದ್ದ. ಕೊನೆಗೆ ಅಯ್ಯಗಾರು, ಹುಡುಗಿ ತಾನೇ ಬಂದು ತನ್ನ ಬಾಯಿಂದ ಹೇಳುವ ತನಕ ಮೂರನೇ ಪ್ರಕಟಣೆ ಓದುವುದಿಲ್ಲ ಅಂದರು.

ನಾನು ದುಡ್ಡಿನ ವೈರಿ ಅಂದುಕೊಳ್ಳಬೇಡ ಮತ್ತೆ. ದುಡ್ಡಿದ್ದರೆ ನಾಳೆಯೇ ಫ್ರಿಜ್ ತರುತ್ತಿದ್ದೆ, ಎರಡು ಬಾಗಿಲಿನದು. ನಿನ್ನ ಸಂಬಳ ಏರಲಿ ಎಂದು ಬಾಯಿಬಿಟ್ಟು ಪ್ರಾರ್ಥನೆ ಮಾಡುತ್ತೇನೆ, ಅದರಲ್ಲಿ ನಾಚಿಕೆಯೇನು? ಮಕ್ಕಳು ತಂದೆಯ ಹತ್ತಿರ ಏನು ಬೇಕಾದರೂ ಕೇಳಬಹುದು. ಆದರೆ ಕೊಟ್ಟರೆ ವಿಶ್ವಾಸ ದೊಡ್ಡದು, ಕೊಡದಿದ್ದರೆ ಪಾಪ ದೊಡ್ಡದು ಅನ್ನುವ ಲೆಕ್ಕ ಇದೆಯಲ್ಲ, ಅದು ದೇವರದ್ದಲ್ಲ, ಅಂಗಡಿಯವರದು. ಆದೋನಿಯ ಹತ್ತಿ ಸಾಹುಕಾರರು ಯಾವ ಉಪವಾಸ ಮಾಡಿ ಬಂಗಲೆ ಕಟ್ಟಿದರು? ನಮ್ಮ ಅಪ್ಪ ಅಮ್ಮ ಈ ನಂಬಿಕೆಗೆ ಬಂದದ್ದು ಮನೆ ಸಿಗುತ್ತದೆಂದಲ್ಲ. ಯಾರ ಮುಂದೆಯೂ ಕೈಕಟ್ಟಿ ದೂರ ನಿಲ್ಲದೆ ಚಾಪೆ ಮೇಲೆ ಎಲ್ಲರ ಜೊತೆ ಕೂಡಬಹುದೆಂದು. ಹಾಗೆ ಕೂತು ಬೆಳೆದವಳು ನಾನು. ಈಗ ಕಾರಿಲ್ಲದವರು ಹಿಂದೆ ಕೂಡಿ ಅಂದರೆ ಕೂಡುತ್ತೇನೆಯೇ? ಇಲ್ಲಮ್ಮಾ. ಈ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಸುಂಕೇಶ ಬೇಕೆಂದರೆ ಮದುವೆಯಾಗು. ಕಾರು ಬೇಡ, ಮಾವ ಬೇಕು ಎಂದು ಅವನು ತನ್ನ ತಾಯಿಯ ಮುಂದೆ ಒಂದು ಸಲ ಹೇಳಲಿ, ನಾನೇ ಅಳಿಯನಿಗೆ ನಾಟಿಕೋಳಿ ಸಾರು ಮಾಡಿ ಬಡಿಸುತ್ತೇನೆ. ಹೇಳಲಾರನೆಂದರೆ ನಿನಗೇ ಗೊತ್ತಾಗುತ್ತದೆ. ಬರುವ ಭಾನುವಾರಕ್ಕೆ ರಜೆ ಕೇಳು. ನೀನು ಎದ್ದು ನಿಂತು ಏನು ಹೇಳಿದರೂ ನಾನು ಕೂತೇ ಇರುತ್ತೇನೆ.

ರೋಗಿಗಳ ಮೈ ಮುಟ್ಟುವ ನಿನ್ನ ಕೈಗೆ ದೇವರು ತಂಪು ಕೊಡಲಿ, ನಿನ್ನ ಮನಸ್ಸಿಗೆ ಧೈರ್ಯ ಕೊಡಲಿ. ರೂಮಿನ ಗೆಳತಿ ಲಾವಣ್ಯಳಿಗೂ ನನ್ನ ನೆನಪು ಹೇಳು.

ಇಂತಿ ನಿನ್ನ ಬಜಾರಿ ಅವ್ವ,
ಉರುಕುಂದಮ್ಮ

ಮರೆತ ಮಾತಲ್ಲ, ಈಗ ತಾನೇ ಆದದ್ದು: ಕಾಗದ ಮಡಚುತ್ತಿದ್ದೆ, ನಿಮ್ಮಪ್ಪ ಸ್ನಾನ ಮಾಡಿ ಇಸ್ತ್ರಿ ಅಂಗಿ ತೊಟ್ಟು ಬಂದ. ಹೈದರಾಬಾದಿಗೆ ಹೊರಟಿದ್ದಾನೆ, ನಿನ್ನ ಹತ್ತಿರ. ಪಾಪ ಸಿಕ್ಕಿತಂತೆ. ನೀನು ಹುಟ್ಟಿದ ದಿನ ಆಸ್ಪತ್ರೆಯ ಬಾಗಿಲ ತನಕ ಬಂದು, ಎರಡನೆಯದೂ ಹೆಣ್ಣು ಎಂದು ಕೇಳಿ, ಒಳಗೆ ಬರದೆ ತಿರುಗಿ ಹೋಗಿದ್ದ. ಮಾರನೆಯ ದಿನ ಬಂದು ನಿನ್ನನ್ನು ಎತ್ತಿಕೊಂಡವನು ಇಳಿಸಲೇ ಇಲ್ಲ, ನಾನು ಅದನ್ನು ಮರೆತೇಬಿಟ್ಟಿದ್ದೆ. "ದೇವರು ಐಶ್ವರ್ಯ ಕೊಟ್ಟಿದ್ದ, ನಾನ ಮುಖ ತಿರುವಿದೆ" ಎಂದು ಬಿಕ್ಕಿಬಿಕ್ಕಿ ಅತ್ತ. ಬೇಡವೆಂದರೂ ಕೇಳಲಿಲ್ಲ, ಕಾಗದ ಕೊಡು ನಾನೇ ಒಯ್ಯುತ್ತೇನೆ ಅನ್ನುತ್ತಿದ್ದಾನೆ. ಬಿಚ್ಚಿ ಓದುವವನಲ್ಲ. ಬುತ್ತಿ ಕಟ್ಟಿದರೆ ಒಲ್ಲೆ ಅಂದ, ನಿನ್ನಿಂದ ಕ್ಷಮೆ ಸಿಗುವ ತನಕ ಅನ್ನ ಮುಟ್ಟುವುದಿಲ್ಲವಂತೆ. ನೀನು ಈ ಸಾಲು ಓದುತ್ತಿರುವಾಗ ಹಾಸ್ಟೆಲ್ ಗೇಟಿನಲ್ಲಿ ನಿನ್ನ ಎದುರಿಗೇ ನಿಂತು ನಿನ್ನ ಮುಖ ನೋಡುತ್ತಿದ್ದಾನೆ. ಓದಿದ್ದು ಸಾಕು, ಅವನ ಕೈ ಹಿಡಿದುಕೊಂಡು ಹೋಗಿ ಊಟ ಮಾಡಿಸು.