ಬೀರುವಿನಲ್ಲಿ ಇಡೋಕಲ್ಲ ಮಂಡಿ

ಮಾರ್ಚ್ 9, ಸೋಮವಾರ

ಇವತ್ತೂ ಮಂಡಿ ಕೈಕೊಟ್ಟಿತು. ಹೊಲಿಗೆ ಮಷೀನಿನ ಪೆಡಲ್ ಅರ್ಧಕ್ಕೇ ನಿಂತು, ಚಕ್ರ ಹಿಂದಕ್ಕೆ ತಿರುಗಿ, ನಾಲ್ಕು ಸಲ ದಾರ ಕಿತ್ತುಹೋಯಿತು.

ಅಣ್ಣನದು ಫೋನಿನಲ್ಲಿ ಅದೇ ರಾಗ: “ಹೊಸ ಮಂಡಿ ಹಾಕಿಸಿದರೆ ಇಪ್ಪತ್ತೇ ವರ್ಷ ಬಾಳಿಕೆ ಬರೋದಂತೆ ಕಣೇ. ನಿನಗಿನ್ನೂ ಐವತ್ತಾರು. ಆದಷ್ಟು ದಿನ ಹಳೇದರಲ್ಲೇ ತಳ್ಳು.”

ತಳ್ಳಬೇಕಂತೆ! ನೋವು ಅವನ ಮಂಡಿಗಾ?

ಹೊಸ ಕೋಟು ಹೊಲಿಸಿಕೊಂಡು, ಹಾಕಿದರೆ ಹಳತಾದೀತು ಅಂತ ಬೀರುವಿನಲ್ಲಿಟ್ಟು, ಹುಳ ತಿಂದ ಮೇಲೆ ರಿಪೇರಿಗೆ ತರುವವರನ್ನು ಮೂವತ್ತು ವರ್ಷದಿಂದ ಬೈಯುತ್ತಾ ಬಂದವಳು ನಾನು.

ಸಂಜೆ ನಾನೇ ಡಾಕ್ಟರಿಗೆ ಫೋನ್ ಮಾಡಿ, ಆಪರೇಷನ್ನಿಗೆ ಬರುವ ಗುರುವಾರ ಗೊತ್ತು ಮಾಡಿದೆ. ಅಣ್ಣನಿಗೆ ಹೇಳಿದರೆ, “ಈಗಲೇ ಹಾಕಿಸ್ಕೊಂಡು ಸವೆಸಿಬಿಡ್ತೀಯಲ್ಲೇ!” ಅಂತ ಕಿರುಚಿದ.

“ಸವೆಸೋಕೇ ಹಾಕಿಸ್ಕೊಳ್ತಿರೋದು ಅಣ್ಣಾ” ಅಂದು ಫೋನಿಟ್ಟೆ.

ಆಮೇಲೆ ಸೂಜಿಗೆ ದಾರ ಪೋಣಿಸೋಕೆ ಐದು ಸಲ ಬೇಕಾಯಿತು. ಸಿಟ್ಟಿಗೇ. ಬೇರೆ ಯಾತಕ್ಕೂ ಅಲ್ಲ.